ಯಾರಿಗೂ ಗೊತ್ತಿಲ್ಲದ ಜಾಗಕ್ಕೊಂದು ಗಾಜಿನ ಲಿಫ್ಟು

ಕೆಲಿಂಗ್‌ಕಿಂಗ್‌ನ ಕಡಲಬಂಡೆಗೆ ಒರಗಿಸಿ ಕಟ್ಟುತ್ತಿದ್ದ ಗಾಜಿನ ಲಿಫ್ಟನ್ನು ಆರು ತಿಂಗಳೊಳಗೆ ಕಿತ್ತುಹಾಕಬೇಕು ಎಂದು ಬಾಲಿಯ ಗವರ್ನರ್ ವಾಯನ್ ಕೋಸ್ಟರ್ ಕಟ್ಟಿದವರಿಗೆ ಹೇಳಿದ ಸುದ್ದಿ ಓದಿದಾಗ ನನಗೆ ಸಂತೋಷವಾಗಬೇಕಿತ್ತು. ಬಂದದ್ದು ನಗು. 182 ಮೀಟರ್ ಎತ್ತರದ ಉಕ್ಕಿನ ಚೌಕಟ್ಟು. ಕೆಲಸ ಶುರುವಾದದ್ದು 2023ರಲ್ಲಿ, ಇದರಲ್ಲಿ ಏನೋ ಐಬಿದೆ ಎಂದು ಸರ್ಕಾರಕ್ಕೆ ಹೊಳೆದದ್ದು 2025ರ ಕೊನೆಗೆ. ರಾತ್ರೋರಾತ್ರಿ ಎಬ್ಬಿಸಿದ ಗೂಡಂಗಡಿಯಾಗಿದ್ದರೆ ಕಣ್ಣು ತಪ್ಪಿತು ಎನ್ನಬಹುದಿತ್ತು.

ಬಾಲಿಯಲ್ಲಿ ತೆಂಗಿನ ಮರಕ್ಕಿಂತ ಎತ್ತರ ಕಟ್ಟುವಂತಿಲ್ಲ ಎಂಬ ನಿಯಮವಿದೆ. 1966ರಲ್ಲಿ ಸಾನೂರಿನ ಕಡಲ ದಂಡೆಯಲ್ಲಿ ಹತ್ತು ಅಂತಸ್ತಿನ ಹೋಟೆಲೊಂದು ತಲೆ ಎತ್ತಿ ಊರವರ ಕಣ್ಣು ಕುಕ್ಕಿದ ಮೇಲೆ ಬಂದದ್ದು. ಲೆಕ್ಕಕ್ಕೆ 15 ಮೀಟರ್. ಅಂದರೆ ಈ ಲಿಫ್ಟು ಒಂದರ ನೆತ್ತಿಯ ಮೇಲೊಂದು ನಿಲ್ಲಿಸಿದ ಹನ್ನೆರಡು ತೆಂಗಿನ ಮರ. ಮೊದಲನೆಯ ಮರ ಆಯಿತು, ಎರಡನೆಯದು ಆಯಿತು, ಏಳನೆಯದೂ ಆಯಿತು. ಕೆಳಗೆ ಕಡತ ಹಿಡಿದು ನಿಂತವರು ಯಾರೂ ಕತ್ತೆತ್ತಲಿಲ್ಲ. ಚಿತ್ರ ಜಗತ್ತೆಲ್ಲ ಹರಿದಾಡಿ ಛೀಮಾರಿ ಬಿದ್ದ ಮೇಲೆ ಎಲ್ಲರಿಗೂ ಒಟ್ಟಿಗೇ ಕಾನೂನು ನೆನಪಾಯಿತು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಕಲೆ ನಮ್ಮೊಬ್ಬರದೇ ಸ್ವತ್ತು ಎಂದು ನಂಬಿಕೊಂಡಿದ್ದೆ.

ಲಿಫ್ಟು ಯಾಕೆ ಬೇಕಾಯಿತು ಎಂಬುದು ಇನ್ನೂ ಚೆಂದ. ಕೆಲಿಂಗ್‌ಕಿಂಗ್ ಇರುವುದು ಬಾಲಿಯ ಪಕ್ಕದ ನೂಸಾ ಪೆನಿಡಾ ದ್ವೀಪದಲ್ಲಿ. ಸುಣ್ಣಕಲ್ಲಿನ ಒಣ ನೆಲ, ಕುಡಿಯುವ ನೀರಿಗೂ ತತ್ವಾರ. ಜನ ಕಡಲಕಳೆ ಬೆಳೆದು ಒಣಗಿಸಿ ಮಾರಿಕೊಂಡಿದ್ದರು. ಸಮುದ್ರಕ್ಕೆ ಚಾಚಿದ ಒಂದು ಬಂಡೆ ಡೈನೋಸಾರ್‌ನ ತಲೆಯ ಹಾಗಿದೆ ಎಂದು ಯಾರೋ ಪುಣ್ಯಾತ್ಮರು ಪತ್ತೆ ಮಾಡಿ, ‘ಯಾರಿಗೂ ಗೊತ್ತಿಲ್ಲದ ಸ್ವರ್ಗ’ ಎಂದು ಜಗತ್ತಿಗೆಲ್ಲ ಡಂಗುರ ಹೊಡೆದರು. ಅಲ್ಲಿಗೆ ಮುಗಿಯಿತು. ಕೆಳಗಿನ ಮರಳಿಗೆ ಇಳಿಯಬೇಕಾದರೆ ಬಿದಿರ ಗಳುವಿನ ಕಟಕಟೆ ಹಿಡಿದು ಬಂಡೆಗೆ ಮೈ ಒತ್ತಿಕೊಂಡು ಹೋಗಬೇಕು. ಇಳಿದರೆ ಅಲೆಗಳ ರಭಸಕ್ಕೆ ಈಜುವಂತಿಲ್ಲ, ಈಜಲು ಹೋಗಿ ಸತ್ತವರಿದ್ದಾರೆ. ಹೀಗೆ ಹೋಗಲೂ ಕಷ್ಟ, ಹೋದರೆ ಮಾಡಲು ಕೆಲಸವೂ ಇಲ್ಲದ ಜಾಗಕ್ಕೆ ಸುಖವಾಗಿ ಇಳಿಯಲಿ ಎಂದು ಗಾಜಿನ ಪೆಟ್ಟಿಗೆ. ಗಾಜು ಯಾಕೆ? ಇಳಿಯುವಾಗಲೂ ವಿಡಿಯೊ ಮಾಡಬೇಡವೇ!

ಈ ‘ಯಾರಿಗೂ ಗೊತ್ತಿಲ್ಲದ’ ವ್ಯಾಪಾರದ ಬಗ್ಗೆ ಎರಡು ಮಾತು ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ. ಬೆಂಗಳೂರಿನಿಂದ ಬಾಲಿಯ ಡೆನ್‌ಪಸಾರ್‌ಗೆ 2024ರ ಮಾರ್ಚ್‌ನಲ್ಲಿ ನೇರ ವಿಮಾನ ಶುರುವಾದ ಮೇಲಂತೂ ನನ್ನ ಮೊಬೈಲ್‌ಗೆ ದಿನಕ್ಕೊಂದು ಪಟ್ಟಿ ಬರುತ್ತದೆ. ‘ಬಾಲಿಯಲ್ಲಿ ಪ್ರವಾಸಿಗರು ಕಾಣದ ಹತ್ತು ತಾಣ’, ‘ಸ್ಥಳೀಯರಿಗೆ ಮಾತ್ರ ಗೊತ್ತಿರುವ ಜಲಪಾತ’. ಎಲ್ಲ ಪಟ್ಟಿಯಲ್ಲೂ ಅದೇ ಹತ್ತು, ಅದೇ ಜಲಪಾತ, ಅದರ ಮುಂದೆ ಅದೇ ಭಂಗಿಯಲ್ಲಿ ಬೆನ್ನು ತೋರಿಸಿ ನಿಂತ ಅದೇ ಟೋಪಿಯ ಹೆಂಗಸು. ಮದುವೆಯಾದ ಹೊಸತರಲ್ಲಿ ಹೋಗಿಬಂದ ನೆಂಟರ ಹುಡುಗ ‘ಅಲ್ಲಿ ಯಾರೂ ಇರಲಿಲ್ಲ ಅಂಕಲ್, ನಾವಿಬ್ಬರೇ’ ಎಂದು ಫೋಟೊ ತೋರಿಸಿದ. ಚೌಕಟ್ಟಿನ ಅಂಚಿನಲ್ಲಿ ಯಾರದೋ ಮೊಣಕೈ ಇತ್ತು. ನಾನು ಏನೂ ಹೇಳಲಿಲ್ಲ.

ಈ ಕಲೆಯ ಪರಾಕಾಷ್ಠೆ ಲೆಂಪುಯಾಂಗ್ ದೇವಾಲಯದ ‘ಸ್ವರ್ಗದ್ವಾರ’. ಸೀಳಿಟ್ಟ ಗೋಪುರದಂಥ ಎರಡು ಕಂಬ, ನಡುವೆ ದೂರದಲ್ಲಿ ಅಗುಂಗ್ ಜ್ವಾಲಾಮುಖಿ, ಕೆಳಗೆ ತಿಳಿನೀರಿನ ಕೊಳ, ಕೊಳದಲ್ಲಿ ತಲೆಕೆಳಗಾದ ನೀವು. ಅಲ್ಲಿ ಕೊಳವಿಲ್ಲ. ಸ್ಟೂಲಿನ ಮೇಲೆ ಕುಳಿತ ಒಬ್ಬ ಮನುಷ್ಯ ನಿಮ್ಮ ಮೊಬೈಲ್ ಇಸಿದುಕೊಂಡು ಕ್ಯಾಮೆರಾದ ಕಣ್ಣಿನ ಕೆಳಗೆ ಅಂಗೈಯಗಲದ ಕನ್ನಡಿಯೊಂದನ್ನು ಅಡ್ಡ ಹಿಡಿಯುತ್ತಾನೆ. ನೀರು ಹುಟ್ಟುತ್ತದೆ. ಚೀಟಿ ಹಿಡಿದು ಗಂಟೆಗಟ್ಟಲೆ ಕಾದವರು ಕರೆದಾಗ ಹೋಗಿ ನಿಲ್ಲುತ್ತಾರೆ. ಕೈ ಮುಗಿ, ತಿರುಗು, ಹಾರು, ಮುಂದಿನವರು. 2019ರಲ್ಲಿ ಕನ್ನಡಿಯ ಗುಟ್ಟು ರಟ್ಟಾಗಿ ಜಗತ್ತೆಲ್ಲ ಮೋಸ ಮೋಸ ಎಂದು ಬೊಬ್ಬೆ ಹಾಕಿತು. ಸಾಲು ಮಾತ್ರ ಕರಗಲಿಲ್ಲ. ಆ ಕನ್ನಡಿಯವನ ಮೇಲೆ ನನಗೆ ತುಂಬು ಗೌರವ. ಇಡೀ ದಂಧೆಯಲ್ಲಿ ಯಾವ ಬೆಟ್ಟವನ್ನೂ ಕಡಿಯದೆ, ಯಾರ ಮನೆಯನ್ನೂ ಒಡೆಯದೆ, ಕಾಂಕ್ರೀಟ್ ಸುರಿಯದೆ ಒಂದು ಕೊಳ ಕಟ್ಟಿದವನು ಅವನೊಬ್ಬನೇ.

ಸರ್ಕಾರದ್ದು ದೊಡ್ಡ ಕೈ. ಬಾಲಿ ತುಂಬಿ ತುಳುಕುತ್ತಿದೆ, ಏನು ಮಾಡೋಣ ಎಂದು ಯೋಚಿಸಿದ ಇಂಡೊನೇಷ್ಯಾ 2016ರಲ್ಲಿ ಕಂಡುಕೊಂಡ ಪರಿಹಾರ ‘ಹತ್ತು ಹೊಸ ಬಾಲಿ’. ಒಂದು ಬಾಲಿಯಲ್ಲಿ ಟ್ರಾಫಿಕ್ಕು, ಕಸ, ನೀರಿನ ಬರ. ಹಾಗಾದರೆ ಹತ್ತು ಮಾಡಿ. ಆಗಿನ ಅಧ್ಯಕ್ಷ ಜೋಕೊ ವಿಡೊಡೊ ಅವರ ಆ ಪಟ್ಟಿಯಲ್ಲಿ ಬೊರೊಬುದುರ್ ಕೂಡ ಇತ್ತು! ಒಂಬತ್ತನೆಯ ಶತಮಾನದಿಂದ ಜಾವಾದ ನಡುವೆ ತನ್ನ ಪಾಡಿಗೆ ಕುಳಿತಿರುವ ಬೌದ್ಧ ಸ್ತೂಪಕ್ಕೆ ಹನ್ನೆರಡು ನೂರು ವರ್ಷಗಳ ನಂತರ ‘ಹೊಸ ಬಾಲಿ’ ಎಂದು ನಾಮಕರಣ. ತೋಬಾ ಸರೋವರಕ್ಕೂ ಅದೇ ಹೆಸರು. ಎಪ್ಪತ್ತು ಸಾವಿರ ವರ್ಷಗಳಿಗೂ ಹಿಂದೆ ಸಿಡಿದ ಮಹಾಜ್ವಾಲಾಮುಖಿಯ ಬಾಯಿ ಅದು. ಅದನ್ನೂ ಕೇಳಲಿಲ್ಲ, ಕೇಳಿದ್ದರೆ ಇನ್ನೊಮ್ಮೆ ಸಿಡಿಯುತ್ತಿತ್ತು.

ಅದೇ ಪಟ್ಟಿಯಲ್ಲಿದ್ದ ಲೊಂಬೊಕ್ ದ್ವೀಪದ ಮಂದಾಲಿಕಾಕ್ಕೆ ಬಂದದ್ದು ಮೋಟಾರ್‌ಸೈಕಲ್ ರೇಸಿನ ಟ್ರ್ಯಾಕು. 2022ರ ಮಾರ್ಚ್‌ನಲ್ಲಿ ಅಲ್ಲಿ ಮೋಟೊಜಿಪಿ ನಡೆಯುವ ದಿನ ಜಡಿಮಳೆ. ಆಗ ಮಳೆ ನಿಲ್ಲಿಸುವ ಮಂತ್ರವಾದಿನಿಯೊಬ್ಬಳು ಹೆಲ್ಮೆಟ್ ತೊಟ್ಟು, ಬರಿಗಾಲಲ್ಲಿ, ಲೋಹದ ಬಟ್ಟಲನ್ನು ನಾದ ಬರುವಂತೆ ಉಜ್ಜುತ್ತಾ ಟ್ರ್ಯಾಕಿನ ಪಕ್ಕದಲ್ಲಿ ನಡೆದದ್ದನ್ನು ಜಗತ್ತೆಲ್ಲ ಟಿವಿಯಲ್ಲಿ ನೋಡಿತು. ಯಂತ್ರವಿಜ್ಞಾನದ ತುತ್ತತುದಿಯಂಥ ಬೈಕುಗಳು ಗ್ಯಾರೇಜಿನಲ್ಲಿ ಬಾಯಿ ಮುಚ್ಚಿಕೊಂಡು ಕಾಯುತ್ತಿದ್ದವು. ನಾವು ಮಳೆ ಬರಿಸಲು ಕಪ್ಪೆಗಳ ಮದುವೆ ಮಾಡುವವರು, ನಮಗೆ ಇದರಲ್ಲಿ ನಗುವ ಹಕ್ಕು ಕಡಿಮೆ. ಹೇಗೂ ಒಂದು ಗಂಟೆಯ ಮೇಲೆ ಮಳೆ ನಿಂತಿತು, ರೇಸು ನಡೆಯಿತು, ಆಕೆಯ ಶುಲ್ಕ ಸಾರ್ಥಕವಾಯಿತು.

ಆ ಟ್ರ್ಯಾಕಿನ ಜಾಗದಲ್ಲಿ ಮೊದಲು ಮನೆಗಳಿದ್ದವು, ಹೊಲಗಳಿದ್ದವು. ಮಂದಾಲಿಕಾ ಯೋಜನೆಗಾಗಿ ರೈತರನ್ನೂ ಮೀನುಗಾರರನ್ನೂ ಪರಿಹಾರ ಕೊಡದೆ ಎಬ್ಬಿಸಲಾಗಿದೆ, ಮನೆ ಹೊಲ ನೆಲಸಮ ಮಾಡಲಾಗಿದೆ ಎಂದು ವಿಶ್ವಸಂಸ್ಥೆಯ ಮಾನವ ಹಕ್ಕು ತಜ್ಞರು 2021ರ ಮಾರ್ಚ್‌ನಲ್ಲೇ ಹೇಳಿದ್ದರು. ಮರುವರ್ಷ ರೇಸು ನಡೆಯಿತು. ಇದರ ಬಗ್ಗೆ ತಮಾಷೆಯಾಗಿ ಏನಾದರೂ ಬರೆಯಬೇಕೆಂದು ಕುಳಿತೆ, ಆಗಲಿಲ್ಲ. ‘ಯಾರಿಗೂ ಗೊತ್ತಿಲ್ಲದ ಜಾಗ’ ಎಂದು ಬರೆಯುವವರು ಅಲ್ಲಿ ಹುಟ್ಟಿ, ಬಿತ್ತಿ, ಬಲೆ ಹಾಕಿ, ಹೆಣ ಹೂತವರನ್ನು ‘ಯಾರೂ’ ಎಂಬ ಲೆಕ್ಕಕ್ಕೆ ಸೇರಿಸುವುದೇ ಇಲ್ಲ. ಆ ಲೆಕ್ಕವೇ ಮುಂದೆ ಬುಲ್ಡೋಜರ್ ಚಾಲಕನ ಕೈಗೆ ಹೋಗುತ್ತದೆ.

ದೈತ್ಯ ಉಡಗಳ ಕೊಮೊಡೊ ದ್ವೀಪದಲ್ಲಿ ತಿರುಗುಮುರುಗು. 2019ರಲ್ಲಿ ದ್ವೀಪವನ್ನೇ ಒಂದು ವರ್ಷ ಮುಚ್ಚಿ ಅಲ್ಲಿನ ಹಳ್ಳಿಯವರನ್ನು ಬೇರೆಡೆ ಸಾಗಿಸುತ್ತೇವೆ ಎಂದರು, ಬಿಟ್ಟರು. 2020ರಲ್ಲಿ ಪ್ರವಾಸಿಗರ ಕಟ್ಟಡಕ್ಕೆ ಸಾಮಾನು ಹೊತ್ತು ಬಂದ ಲಾರಿಗೆ ಒಂದು ಕೊಮೊಡೊ ಉಡ ಎದುರು ನಿಂತ ಚಿತ್ರ ಬಂತು. ಯೋಜನೆಗೆ ಬಹಿರಂಗವಾಗಿ ಆಕ್ಷೇಪ ಸಲ್ಲಿಸಿದ ಏಕೈಕ ಮೂಲನಿವಾಸಿ ಎಂದು ಅದನ್ನು ಸನ್ಮಾನಿಸಬಹುದಿತ್ತು. 2022ರಲ್ಲಿ ಟಿಕೆಟ್ಟನ್ನು ಒಮ್ಮೆಲೇ 37.5 ಲಕ್ಷ ರುಪಿಯಾಕ್ಕೆ, ನಮ್ಮ ಸುಮಾರು ಇಪ್ಪತ್ತು ಸಾವಿರ ರೂಪಾಯಿಗೆ, ಏರಿಸಿದರು. ದ್ವೀಪಕ್ಕೆ ದೋಣಿ ಹೊರಡುವ ಲಬುವಾನ್ ಬಾಜೊದ ಗೈಡುಗಳು, ದೋಣಿಯವರು ಮುಷ್ಕರ ಹೂಡಿದರು. ಮುಂದೂಡಿದರು, ಕೊನೆಗೆ ಅದನ್ನೂ ಬಿಟ್ಟರು.

ಈಗ ಪಟ್ಟಿಗಾರರ ಕಣ್ಣು ರಾಜಾ ಅಂಪಾಟ್ ಮೇಲೆ. ಪಪುವಾದ ತುದಿಯ ದ್ವೀಪಗಳು, ಜಗತ್ತಿನಲ್ಲೇ ಹೆಚ್ಚು ಬಗೆಯ ಹವಳಗಳಿರುವ ಕಡಲು, ‘ಭೂಮಿಯ ಕೊನೆಯ ಸ್ವರ್ಗ’. 2017ರಲ್ಲಿ ಬ್ರಿಟಿಷ್ ಕಂಪನಿಯೊಂದರ ಪ್ರವಾಸಿ ಹಡಗು, ಪ್ರಯಾಣಿಕರಿಗೆ ಹಕ್ಕಿ ತೋರಿಸಿ ವಾಪಸಾಗುವಾಗ ಇಳಿತದಲ್ಲಿ ಹವಳದ ಮೇಲೆ ಹತ್ತಿ ಕುಳಿತು, ಹೊರಬರಲು ಹೋಗಿ ಇನ್ನಷ್ಟು ಪುಡಿ ಮಾಡಿತು. ಪ್ರಕೃತಿಪ್ರಿಯರ ಹಡಗು, ಬೈಯುವ ಹಾಗೂ ಇಲ್ಲ.

ಅದೇ ದ್ವೀಪಸಮೂಹದಲ್ಲಿ ನಿಕ್ಕಲ್ ಗಣಿಗಳೂ ಇವೆ. 2025ರ ಜೂನ್‌ನಲ್ಲಿ ಗಲಾಟೆ ಜೋರಾದ ಮೇಲೆ ಸರ್ಕಾರ ನಾಲ್ಕು ಕಂಪನಿಗಳ ಪರವಾನಗಿ ರದ್ದು ಮಾಡಿತು, ಗಾಗ್ ದ್ವೀಪದ ಒಂದನ್ನು ಉಳಿಸಿತು. ನಿಕ್ಕಲ್ ವಿದ್ಯುತ್ ಕಾರುಗಳ ಬ್ಯಾಟರಿಗೂ ಬೇಕು, ಅಂದರೆ ಅದೂ ಪರಿಸರಕ್ಕಾಗಿಯೇ. ಗಾಗ್‌ನ ಅಗೆದ ಕೆಂಪು ಗುಡ್ಡದ ಮುಂದೆ ಬೆನ್ನು ತೋರಿಸಿ ನಿಂತವರ ಫೋಟೊ ನನಗೆ ಇನ್ನೂ ಬಂದಿಲ್ಲ. ಯಾವ ಹತ್ತರ ಪಟ್ಟಿಯಲ್ಲೂ ಆ ದ್ವೀಪದ ಹೆಸರಿಲ್ಲ. ನೂಕುನುಗ್ಗಲು ಬೇಡ ಎನ್ನುವ ನಮ್ಮ ಕಡೆಯ ಪ್ರವಾಸಿಗರು ಯಾರಾದರೂ ಇದ್ದರೆ, ದಯವಿಟ್ಟು ಅಲ್ಲಿಗೆ ಹೋಗಿ ಬನ್ನಿ.