ಲದ್ದಿ ಯಾವ ಪಟ್ಟಿ ಸಾರ್?

ಹೋದ ವಾರ ಸಕಲೇಶಪುರದ ಹತ್ತಿರ ನಮ್ಮೂರಲ್ಲಿ ಸಭೆ ಇತ್ತು. ವೇದಿಕೆಯ ಎರಡೂ ಕಡೆ ಬಾಳೆಕಂಬ. ಮುಖಂಡರೊಬ್ಬರು ಮೈಕ್ ಹಿಡಿದು, "ಕಾಡಾನೆ ಓಡಿಸೋಕೆ ನಮ್ಮ ರಾಜ್ಯದ್ದೇ ಕಾಯ್ದೆ ತರ್ತೀವಿ, ದಿಲ್ಲಿ ಕೇಳೋ ಮಾತೇ ಇಲ್ಲ" ಎಂದರು. ಚಪ್ಪಾಳೆಯೋ ಚಪ್ಪಾಳೆ. ನಾನೂ ತಟ್ಟಿದೆ. ಮೂರು ಸಲ ಗೇಟು ಮುರಿಸಿಕೊಂಡವನ ಕೈ ಸುಮ್ನೆ ಇರುತ್ತಾ?

ಪಕ್ಕದಲ್ಲಿ ಕೂತಿದ್ದ ನಿವೃತ್ತ ಮೇಷ್ಟ್ರು ಮಾತ್ರ ತಟ್ಟಲಿಲ್ಲ. "ಯಾವ ವಿಷಯಕ್ಕೆ ಯಾರು ಕಾಯ್ದೆ ಮಾಡಬೇಕು ಅಂತ ಸಂವಿಧಾನದಲ್ಲಿ ಕೇಂದ್ರ, ರಾಜ್ಯ, ಸಮವರ್ತಿ ಅಂತ ಮೂರು ಪಟ್ಟಿ ಇವೆ. ಕಾಡು, ಕಾಡುಪ್ರಾಣಿ ಎರಡೂ ಮೊದಲು ರಾಜ್ಯ ಪಟ್ಟಿಯಲ್ಲೇ ಇದ್ದವು ಕಣಯ್ಯಾ. 1976ರ 42ನೇ ತಿದ್ದುಪಡಿ ಅವನ್ನು ಸಮವರ್ತಿ ಪಟ್ಟಿಗೆ ಹಾಕಿತು. ಅಲ್ಲಿ ಕೇಂದ್ರ, ರಾಜ್ಯ ಇಬ್ಬರೂ ಕಾಯ್ದೆ ಮಾಡಬಹುದು. ಎರಡಕ್ಕೂ ಜಗಳ ಬಿದ್ದರೆ 254ನೇ ವಿಧಿ ಪ್ರಕಾರ ಕೇಂದ್ರದ್ದೇ ಮೇಲು. ಆನೆ ಕಾಯೋ 1972ರ ವನ್ಯಜೀವಿ ಕಾಯ್ದೆ ಕೇಂದ್ರದ್ದು."

"ರಾಷ್ಟ್ರಪತಿ ಅಂಕಿತ ಬಿದ್ದರೆ ರಾಜ್ಯದ ಕಾಯ್ದೆಯೂ ಉಳಿಯುತ್ತಲ್ವಾ ಮೇಷ್ಟ್ರೇ? ಕಂಬಳದ ಕಾಯ್ದೆಗೆ ಹಾಗೇ ಆಯ್ತಲ್ಲ?"

"ಉಳಿಯುತ್ತೆ. ಸಂಸತ್ತು ಮನಸ್ಸು ಮಾಡಿದರೆ ಅದನ್ನೂ ಮತ್ತೆ ಬೀಳಿಸಬಹುದು."

ಅಂದರೆ ದಿಲ್ಲಿ ಕೇಳದೆ ಮಾಡೋ ಕಾಯ್ದೆ ಮೊದಲು ದಿಲ್ಲಿಗೇ ಹೋಗಿ ಸಾಲಲ್ಲಿ ನಿಲ್ಲಬೇಕು. ವೇದಿಕೆ ಮೇಲೆ ಇದನ್ನು ಯಾರೂ ಹೇಳಲಿಲ್ಲ. ಶಾಲು ಹೊದಿಸೋ ಗಡಿಬಿಡಿ ಇತ್ತು.

ನಮ್ಮ ತೋಟಕ್ಕೆ ಬರೋ ಒಂಟಿ ಸಲಗಕ್ಕೆ ಈ ಪಟ್ಟಿಗಳೆಲ್ಲ ಕಾಲಡಿಯಲ್ಲೇ ಇವೆ. ರೈಲು ಹಳಿ ದಾಟುವಾಗ ಅದು ಕೇಂದ್ರ ಪಟ್ಟಿಯಲ್ಲಿರುತ್ತೆ. ಬೇಲಿ ಮುರಿದು ಕಾಫಿ ಗಿಡ ತುಳಿದರೆ ಕೃಷಿ, ರಾಜ್ಯ ಪಟ್ಟಿ. ಹೋಗ್ತಾ ಕರೆಂಟ್ ಕಂಬ ಬೀಳಿಸಿದರೆ ಸಮವರ್ತಿ. ಕಾಫಿ ಮಾತ್ರ ಕಮ್ಮಿಯಾ? ಬೆಳೆದವನೇ ಕ್ಯೂರಿಂಗ್ ಮಾಡಿ, ಅಂದರೆ ಸಿಪ್ಪೆ ಬಿಡಿಸಿ ಬೀಜ ಹದ ಮಾಡಿ ಮಾರಿದರೆ ಆದಾಯದಲ್ಲಿ ಶೇ. 25 ಕೇಂದ್ರದ ಆದಾಯ ತೆರಿಗೆ ಲೆಕ್ಕಕ್ಕೆ. ಹುರಿದು ಪುಡಿ ಮಾಡಿದರೆ ಶೇ. 40. ಸಲಗ ತುಳಿಯೋದು ಕೇಂದ್ರದ ಲೆಕ್ಕಕ್ಕೆ ಬಾರದ, ಗಿಡದಲ್ಲಿರೋ ಹಸಿ ಹಣ್ಣನ್ನೇ. ಪಾಪ, ಲೆಕ್ಕ ಗೊತ್ತಿರೋ ಪ್ರಾಣಿ.

ಮಾರನೇ ದಿನ ಬೆಳಿಗ್ಗೆ ನೋಡಿದರೆ ವೇದಿಕೆಯ ಬಾಳೆಕಂಬ ಎರಡೂ ಇಲ್ಲ. ಶಾಮಿಯಾನ ನೆಲದ ಮೇಲೆ. ಮುಖಂಡರು ನಿಂತಿದ್ದ ಜಾಗದಲ್ಲೇ ಬುಟ್ಟಿಯಷ್ಟು ಲದ್ದಿ, ಇನ್ನೂ ಹಬೆ ಆಡ್ತಿತ್ತು.

ನಮ್ಮ ತೋಟದ ಲೆಕ್ಕ ಬರೆಯೋ ರೈಟರ್ ಅದನ್ನೇ ನೋಡ್ತಾ, "ಸಾರ್, ಇದು ಯಾವ ಪಟ್ಟಿ?" ಎಂದ.

"ಗೊಬ್ಬರ ಅಲ್ವಾ, ರಾಜ್ಯದ್ದೇ. ಯಾರಾದರೂ ತಕರಾರು ತೆಗೆಯೋ ಮೊದಲು ಬುಟ್ಟಿ ತಾ" ಎಂದೆ.