ಟೆಂಡರು ಕರೆದು ಕಟ್ಟಿದ ಪರಂಪರೆ

ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳದ ಸೀಮೆಯಲ್ಲಿ ಬಿಸಿಲಿಗೆ ಬರವಿಲ್ಲ. ಈಗ ವಿಶ್ವವಿದ್ಯಾಲಯಗಳಿಗೂ ಇಲ್ಲ. ಹಿಂದೆ ಎಲ್ಲದಕ್ಕೂ 1980ರ ಗುಲ್ಬರ್ಗಾ ವಿಶ್ವವಿದ್ಯಾಲಯವೇ ಗತಿ. ಸಂಡೂರಿನ ನಂದಿಹಳ್ಳಿಯಲ್ಲೊಂದು, ರಾಯಚೂರಿನ ಯರಗೇರಾದಲ್ಲೊಂದು ಸ್ನಾತಕೋತ್ತರ ಕೇಂದ್ರ; ಅಂಕಪಟ್ಟಿಯಲ್ಲಿ ಹೆಸರು ತಪ್ಪಿದರೆ ಕಲಬುರಗಿ ಬಸ್ಸು. 2008ರಲ್ಲಿ ರಾಯಚೂರಿಗೆ ಕೃಷಿ ವಿಶ್ವವಿದ್ಯಾಲಯ, 2010ರಲ್ಲಿ ಬಳ್ಳಾರಿಗೆ ಕೃಷ್ಣದೇವರಾಯನ ಹೆಸರಿನದು ಬಂದವು. ಆಮೇಲೆ ಕೊಪ್ಪಳಕ್ಕೂ ಒಂದು ದಕ್ಕಿತು.

ಇವುಗಳಲ್ಲಿ ಯಾವುದೂ ಅಲ್ಲದ, ಯಾವುದಾದರೂ ಆಗಬಹುದಾದ ಒಂದು ವಿಶ್ವವಿದ್ಯಾಲಯಕ್ಕೆ ತನಗೆ ಪರಂಪರೆಯಿಲ್ಲವೆಂಬುದು ಒಂದು ಬೆಳಗ್ಗೆ ಹೊಳೆಯಿತು. ಮೈಸೂರಿನವರು 1916ರಿಂದ ಇದ್ದಾರೆ, ಅವರಿಗೇನು ಬಿಡಿ. ವಿಶ್ವವಿದ್ಯಾಲಯಗಳ ಗುಣಮಟ್ಟ ಅಳೆದು ದರ್ಜೆ ಕೊಡುವ ನ್ಯಾಕ್ ತಂಡ ಬಂದು ಕೇಳಿದರೆ ಇಲ್ಲಿ ತೋರಿಸುವುದೇನು? ಕೂಡಲೇ ಸುತ್ತೋಲೆ ಹೊರಟಿತು: “ಹಿಂದಿನಿಂದಲೂ ನಡೆದುಬಂದ ಸಂಪ್ರದಾಯದಂತೆ, ಬರುವ ಸೋಮವಾರದಿಂದ ವಿದ್ಯಾರ್ಥಿಗಳು ಸಂಜೆ ನಾಲ್ಕಕ್ಕೆ ಚರ್ಚಾಕಟ್ಟೆಯಲ್ಲಿ ಸೇರತಕ್ಕದ್ದು.”

ನಿಜಕ್ಕೂ ಕಟ್ಟೆಯೊಂದು ಇತ್ತು. ಗ್ರಂಥಾಲಯದ ಹಿಂದೆ ಬೇವಿನ ಮರ, ಅದರ ಬುಡದಲ್ಲಿ ಕಟ್ಟಡಕ್ಕೆ ತಂದು ಮಿಕ್ಕಿದ ನಾಲ್ಕಾರು ಸೈಜುಗಲ್ಲು. ಮೊದಲ ತಂಡದವರು ತರಗತಿಗಿಂತ ಹೆಚ್ಚು ಕುಳಿತದ್ದು ಅಲ್ಲೇ. ಹೊಸಬರು ಬಂದ ದಿನ ಹಳಬರು ಒಗ್ಗರಣೆ ಮಂಡಕ್ಕಿ, ಮಿರ್ಚಿ ತರಿಸಬೇಕು. ಎಣ್ಣೆ ಹೀರಿದ ಪತ್ರಿಕೆಯ ಹಾಳೆಯಲ್ಲಿ ಕೊನೆಗೆ ಉಳಿದ ಮಿರ್ಚಿಯನ್ನು ಎತ್ತಿಕೊಂಡವರು ಎದ್ದು ನಿಂತು ಹಾಡಬೇಕು. ಇದಕ್ಕೆ ಯಾರ ಅನುಮೋದನೆಯೂ ಇರಲಿಲ್ಲ. ಕಡತದಲ್ಲಿಲ್ಲದ್ದು ಪರಂಪರೆ ಹೇಗಾದೀತು? ಮರ ಕಡಿಸಿದರು.

ಅಲ್ಲೀಗ ನುಣುಪಾದ ಕರಿ ಗ್ರಾನೈಟಿನ ವೃತ್ತ, ಸ್ಟೀಲಿನ ಕಂಬಿ, ನಡುವೆ ಕಾರಂಜಿ. ನೀರಿಲ್ಲ, ಅದು ಬೇರೆ ಮಾತು. ಉದ್ಘಾಟನೆಯ ಶಿಲಾಫಲಕದಲ್ಲಿ ಹದಿನೇಳು ಹೆಸರು. ಸುತ್ತಲಿನ ಏಕೈಕ ನೆರಳು ಕೂಡ ಆ ಫಲಕದ್ದೇ. ಪಕ್ಕದಲ್ಲಿ ಹಳೆಯ ತಗಡಿನ ಬೋರ್ಡು ಇನ್ನೂ ನಿಂತಿದೆ: “ಇಲ್ಲಿ ಗುಂಪುಗೂಡುವುದನ್ನು ನಿಷೇಧಿಸಿದೆ.” ಏಪ್ರಿಲ್ ಬಿಸಿಲಿನಲ್ಲಿ ಆ ಗ್ರಾನೈಟಿನ ಮೇಲೆ ಕುಳಿತ ಹುಡುಗನೊಬ್ಬ ಕುಳಿತ ವೇಗದಲ್ಲೇ ಎದ್ದನು. ಹಾಜರಿ ಪುಸ್ತಕದ ಪ್ರಕಾರ ಅಂದು ಅರವತ್ತು ಮಂದಿ ಚರ್ಚಿಸಿದ್ದಾರೆ.

ಹುಡುಗರೆಲ್ಲ ಈಗ ಕಾಂಪೌಂಡಿನಾಚೆ, ಬಳ್ಳಾರಿ ಜಾಲಿಯ ಅರೆನೆರಳಿನಲ್ಲಿರುವ ಡಬ್ಬಾ ಅಂಗಡಿಯ ಮುಂದೆ ಸೇರುತ್ತಾರೆ. ಹಳೆಯ ಸೈಜುಗಲ್ಲುಗಳನ್ನು ರಾತ್ರೋರಾತ್ರಿ ಅಲ್ಲಿಗೆ ಸಾಗಿಸಿದ್ದಾರೆ. ಮೊನ್ನೆ ನಾನು ಚಹಾಕ್ಕೆಂದು ಹೋದಾಗ ಕೂರಲು ಕಲ್ಲು ಸಿಗಲಿಲ್ಲ. ಪರಂಪರಾ ಸಮಿತಿಯ ಐವರೂ ಅಲ್ಲಿ ಕುಳಿತು, ವಿದ್ಯಾರ್ಥಿಗಳನ್ನು ಕಟ್ಟೆಗೆ ಸೆಳೆಯುವ ಬಗೆ ಹೇಗೆಂದು ಚರ್ಚಿಸುತ್ತಿದ್ದರು. ನಡುವಿನ ಹಾಳೆಯಲ್ಲಿ ಒಂದೇ ಒಂದು ಮಿರ್ಚಿ ಉಳಿದಿತ್ತು. ಆರಿ ತಣ್ಣಗಾದರೂ ಯಾರೊಬ್ಬರೂ ಅದಕ್ಕೆ ಕೈ ಹಾಕಲಿಲ್ಲ.