ಮೌನವನ್ನೂ ಒಪ್ಪಿಗೆ ಅಂತ ಬರೆದುಕೊಳ್ಳುವ ನಿಯಮ

ವಿಶ್ವ ವ್ಯಾಪಾರ ಸಂಸ್ಥೆಯ ಮಾತುಕತೆ ಮುರಿದುಬಿದ್ದಾಗಲೆಲ್ಲ ಯಾವುದೋ ಒಂದು ದೇಶ ಅಡ್ಡಗಾಲು ಹಾಕಿತು ಎಂಬ ಸುದ್ದಿ ಬರುತ್ತೆ. ಒಮ್ಮತದ ಪದ್ಧತಿಯನ್ನೇ ಕಿತ್ತುಹಾಕಿ ಎಂಬ ಕೂಗೂ ಏಳುತ್ತೆ. ನಾನಿದನ್ನು ಒಪ್ಪುವುದಿಲ್ಲ. ಕೆಟ್ಟಿರುವುದು ಒಮ್ಮತವಲ್ಲ, ಅದನ್ನು ಕೂಡಿಸುವ ರೀತಿ.

ಈ ಸಂಸ್ಥೆಯನ್ನು ಹುಟ್ಟುಹಾಕಿದ ಮರಕ್ಕೇಶ್ ಒಪ್ಪಂದದ 9ನೇ ವಿಧಿಯ ಅಡಿಟಿಪ್ಪಣಿ ನೋಡಿ. ನಿರ್ಣಯದ ಹೊತ್ತಿಗೆ ಸಭೆಯಲ್ಲಿ ಹಾಜರಿರುವ ಯಾವ ಸದಸ್ಯರೂ ವಿಧ್ಯುಕ್ತವಾಗಿ ಆಕ್ಷೇಪಿಸದಿದ್ದರೆ ಒಮ್ಮತ ಆದಂತೆಯೇ. ಅಂದರೆ ಮೌನವೂ ಸಮ್ಮತಿ, ಗೈರುಹಾಜರಿಯೂ ಸಮ್ಮತಿ. 166 ಸದಸ್ಯರಲ್ಲಿ, ಸಂಸ್ಥೆಯ ಕೇಂದ್ರ ಕಚೇರಿ ಇರುವ ಜಿನೀವಾದಲ್ಲಿ ತಮ್ಮ ಕಚೇರಿಯೇ ಇಲ್ಲದವರೂ ಇದ್ದಾರೆ. ಕೃಷಿ, ಸೇವೆ, ಮೀನುಗಾರಿಕೆ ಮೂರರ ಸಭೆಯೂ ಒಂದೇ ದಿನ ಬಿದ್ದರೆ, ಇಬ್ಬರೇ ಅಧಿಕಾರಿಗಳಿರುವ ದೇಶ ಒಂದನ್ನು ಕೈಬಿಡಲೇಬೇಕು. ಕೈಬಿಟ್ಟ ಸಭೆಯಲ್ಲಿ ಅದು ಒಪ್ಪಿದ ಹಾಗೆ!

ಇದರ ಮೇಲೆ ‘ಗ್ರೀನ್ ರೂಮ್’, ಆಯ್ದ ಕೆಲವರನ್ನಷ್ಟೇ ಕರೆದು ಕರಡು ಹದ ಮಾಡುವ ಕೋಣೆ. 2008ರ ಜುಲೈನಲ್ಲಿ ದೋಹಾ ಸುತ್ತು ಎಂಬ ದೀರ್ಘ ವ್ಯಾಪಾರ ಮಾತುಕತೆಯ ಕಗ್ಗಂಟು ಬಿಡಿಸಲು ಕೂತದ್ದು ಅದಕ್ಕಿಂತಲೂ ಚಿಕ್ಕ ಗುಂಪು: ಅಮೆರಿಕ, ಐರೋಪ್ಯ ಒಕ್ಕೂಟ, ಜಪಾನ್, ಆಸ್ಟ್ರೇಲಿಯಾ, ಬ್ರೆಜಿಲ್, ಭಾರತ, ಚೀನಾ. ಆಮದು ದಿಢೀರ್ ಏರಿದಾಗ ರೈತರನ್ನು ಕಾಯುವ ವಿಶೇಷ ಸುಂಕದ ಮೇಲೆ ಮಾತು ಮುರಿಯಿತು. ಆಮದು ಹಿಂದಿನ ಸರಾಸರಿಗಿಂತ ಶೇ 40 ಏರಿದ ಮೇಲಷ್ಟೇ ಈ ಸುಂಕ ಹಳೆಯ ಗರಿಷ್ಠ ಮಿತಿ ದಾಟಬಹುದು ಎಂಬುದು ಕರಡಿನ ಸಲಹೆ. ಅಷ್ಟರೊಳಗೆ ಬೆಲೆ ನೆಲಕಚ್ಚಿರುತ್ತೆ ಎಂದು ಭಾರತ ಪಟ್ಟು ಹಿಡಿಯಿತು, ಅದು ಸರಿಯೇ. ಆದರೆ ಬೆನಿನ್, ಬುರ್ಕಿನಾ ಫಾಸೊ, ಚಾಡ್, ಮಾಲಿ 2003ರಿಂದ ಕೇಳುತ್ತಿದ್ದ, ಶ್ರೀಮಂತ ದೇಶಗಳ ಹತ್ತಿ ಸಬ್ಸಿಡಿ ಇಳಿಸುವ ವಿಷಯಕ್ಕೆ ಸರದಿಯೇ ಬರಲಿಲ್ಲ. ಆ ಏಳರಲ್ಲಿ ಅವರ್‍ಯಾರೂ ಇರಲಿಲ್ಲ.

ಒಬ್ಬರು ಆಕ್ಷೇಪಿಸಿದರೂ ತಿದ್ದಲಾಗದಂತೆ ಒಮ್ಮತ ಹಳೆಯ ತಪ್ಪಿಗೂ ಬೀಗ ಹಾಕುತ್ತೆ, ನಿಜ. ಸರ್ಕಾರ ದಾಸ್ತಾನಿಗೆ ಧಾನ್ಯ ಕೊಳ್ಳುವಾಗ ಸಬ್ಸಿಡಿ ಲೆಕ್ಕ ಹಾಕುವುದು ಹೀಗೆ: ಬೆಂಬಲ ಬೆಲೆಯಲ್ಲಿ ಉಲ್ಲೇಖ ಬೆಲೆ (ಹೋಲಿಕೆಗೆ ಹಿಡಿದ ಹೊರಗಿನ ಬೆಲೆ) ಕಳೆದು, ಬೆಂಬಲ ಬೆಲೆಗೆ ಅರ್ಹವಾದ ಧಾನ್ಯದ ಪ್ರಮಾಣದಿಂದ ಗುಣಿಸಬೇಕು. ಆ ಉಲ್ಲೇಖ ಬೆಲೆ 1986-88ರದು! ಹಣದುಬ್ಬರವೇ ಸಬ್ಸಿಡಿಯ ವೇಷ ಹಾಕಿಕೊಳ್ಳುತ್ತೆ, ಭಾರತದಂಥ ದೇಶ ಬೆಳೆಯ ಒಟ್ಟು ಮೌಲ್ಯದ ಶೇ 10ರ ಸಬ್ಸಿಡಿ ಮಿತಿಯನ್ನು ಕಾಗದದ ಮೇಲೇ ದಾಟಿಬಿಡುತ್ತೆ. 2017ರೊಳಗೆ ಶಾಶ್ವತ ಪರಿಹಾರ ಎಂದು 2013ರಲ್ಲಿ ಬಾಲಿಯ ಸಚಿವರ ಸಭೆಯಲ್ಲಿ ಸದಸ್ಯರು ಒಪ್ಪಿದ್ದರು. ಆ ಗಡುವು ಸುಮ್ಮನೆ ಕಳೆದುಹೋಯಿತು.

ಹಾಗಂತ ಮತಕ್ಕೆ ಹಾಕಿದರೆ ಸೋತ ದೊಡ್ಡ ದೇಶ ನಿಯಮ ಪಾಲಿಸುತ್ತದೆಯೇ? ನನಗೆ ನಂಬಿಕೆಯಿಲ್ಲ. ಅದಕ್ಕಿಂತ ಕೋಣೆಯೊಳಗಿನ ಕರಡು ಸಾಕಷ್ಟು ದಿನ ಮೊದಲೇ ಎಲ್ಲ ಸದಸ್ಯರ ಕೈ ಸೇರಲಿ. ಗೈರಾದವರಿಗೆ ಲಿಖಿತವಾಗಿ ಆಕ್ಷೇಪಿಸಲು ಕಾಲಾವಕಾಶ ಸಿಗಲಿ. ಅಡ್ಡಿ ಮಾಡುವವರೂ ಕಾರಣ ಬರೆದು ಕಡತಕ್ಕೆ ಸೇರಿಸಲಿ.